ಆಕಾಶದ ಪರೀಕ್ಷಕರು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿಮಾನಗಳ ವಿಷಯವಾಗಿ ಲೇಖನ ಬರೆದನೆಂದರೆ ವಿಜ್ಞಾನ ಓದುವ ಗೆಳೆಯರು ಮುಗುಳುನಗುವುದು ಸಹಜ. ಅವರ ನಗೆಗೆ ನನ್ನ ಅಡ್ಡಿಯಿಲ್ಲ. ವಿಮಾನ ಹೇಗೆ ಹಾರುತ್ತದೆಂಬುದನ್ನು ವಿವರಿಸಲು ನಾನು ಹೊರಟಿಲ್ಲ. ಹಾರುವ ವಿಮಾನಕ್ಕೆ ನೆಲದ ಮೇಲೆ ಕುಳಿತು ದಾರಿ ಹೇಳುವವರಿದ್ದಾರೆ. ಅವರು ಹೇಳುವ ದಾರಿ ಸರಿಯೇ, ಅವರ ಯಂತ್ರಗಳು ನೆಟ್ಟಗಿವೆಯೇ, ಅವರಿಗೆ ಸಾಕಷ್ಟು ವಿಶ್ರಾಂತಿ ದೊರೆತಿದೆಯೇ ಎಂದು ಕೇಳುವವರು ಯಾರು? ಈ ಪ್ರಶ್ನೆ ಭೌತಶಾಸ್ತ್ರದ್ದಲ್ಲ, ರಾಜ್ಯಶಾಸ್ತ್ರದ್ದು. ಆದ್ದರಿಂದ ನಮ್ಮ ಪಾಲಿಗೇ ಬರುತ್ತದೆ.

ಇದು ನನ್ನ ತಲೆಯನ್ನು ಹೊಕ್ಕದ್ದು ನಾನಿರುವ ಸ್ಥಳದ ದೆಸೆಯಿಂದ. ನವನಗರವನ್ನು ಊರೆನ್ನಬೇಕೋ ಬಡಾವಣೆಯೆನ್ನಬೇಕೋ ಇಂದಿಗೂ ತೀರ್ಮಾನವಾಗಿಲ್ಲ. ಹುಬ್ಬಳ್ಳಿಯವರು ನಮ್ಮನ್ನು ಧಾರವಾಡದ ಹಾದಿಯವರೆನ್ನುತ್ತಾರೆ, ಧಾರವಾಡದವರು ಹುಬ್ಬಳ್ಳಿಯವರೆನ್ನುತ್ತಾರೆ. ನಡುವೆ ನಾವು ಕಾನೂನು ವಿಶ್ವವಿದ್ಯಾಲಯವನ್ನೂ ಕ್ಯಾನ್ಸರ್ ಆಸ್ಪತ್ರೆಯನ್ನೂ ಪೋಲೀಸ್ ಕಮಿಷನರರ ಕಚೇರಿಯನ್ನೂ ಇಟ್ಟುಕೊಂಡು, ಎರಡೂ ಕಡೆಗೆ ಓಡುವ ಚಿಗರಿ ಬಸ್ಸುಗಳನ್ನು ನೋಡುತ್ತ ಕುಳಿತಿದ್ದೇವೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣ ನಮಗೆ ದಕ್ಷಿಣಕ್ಕೆ, ಕೂಗಳತೆಗಿಂತ ತುಸು ದೂರ. ಪರೀಕ್ಷೆಯ ದಿನಗಳಲ್ಲಿ ಮಾಳಿಗೆಯ ಮೇಲೆ ಪುಸ್ತಕ ಹಿಡಿದು ಅಡ್ಡಾಡುವವನಿಗೆ ವಿಮಾನ ನೋಡುವುದು ಓದಿಗಿಂತ ಸುಲಭವಾದ ಕೆಲಸ. ೨೦೧೭ರ ಡಿಸೆಂಬರಿನಲ್ಲಿ ಇಲ್ಲಿ ಹೊಸ ನಿಲ್ದಾಣ ಕಟ್ಟಡದ ಉದ್ಘಾಟನೆಯಾಯಿತು. ೧೬೭೦ ಮೀಟರಿದ್ದ ರನ್‌ವೇ ೨೬೦೦ ಮೀಟರಿಗೆ ಬೆಳೆಯಿತು. ಅದರ ನಂತರವೇ ದೊಡ್ಡ ವಿಮಾನಗಳು ನಮ್ಮ ಕಡೆಗೆ ಮುಖ ಮಾಡಿದ್ದು. ರನ್‌ವೇಯ ಒಂದು ತುದಿಗೆ ೦೮ ಎಂದೂ ಇನ್ನೊಂದು ತುದಿಗೆ ೨೬ ಎಂದೂ ಹೆಸರು. ದಿಕ್ಸೂಚಿಯ ೮೦ ಮತ್ತು ೨೬೦ ಅಂಶಗಳ ಕೊನೆಯ ಸೊನ್ನೆಯನ್ನು ಕಿತ್ತರೆ ಆ ಅಂಕಿಗಳು ಬರುತ್ತವೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ವಿಮಾನಗಳು ಮೂಡಣ ದಿಕ್ಕಿನಿಂದ ಬಂದು ಗಾಳಿಗೆ ಎದುರಾಗಿ ಇಳಿಯುತ್ತವೆ. ಗಾಳಿ ತಿರುಗಿದರೆ ಬರುವ ದಿಕ್ಕೂ ತಿರುಗುತ್ತದೆ. ಈ ತುದಿಯಿಂದ ಬಾ, ಆ ತುದಿಯಿಂದ ಬಾ ಎಂದು ಹೇಳುವವರು ಕಂಟ್ರೋಲ್ ಟವರಿನ ಗಾಜಿನ ಕೋಣೆಯಲ್ಲಿರುತ್ತಾರೆ.

ಟವರು ಕಣ್ಣಿಗೆ ಕಾಣುವ ಭಾಗ ಮಾತ್ರ. ಎತ್ತರದಲ್ಲಿ ಹೋಗುವ ವಿಮಾನಗಳನ್ನು ದೂರದ ಕೇಂದ್ರಗಳಲ್ಲಿ ರೇಡಾರಿನ ಪರದೆಯ ಮುಂದೆ ಕುಳಿತವರು ನೋಡಿಕೊಳ್ಳುತ್ತಾರೆ. ದಾರಿ ತೋರುವ ರೇಡಿಯೊ ಸ್ತಂಭಗಳು, ಹವೆಯ ವರದಿ, ನಕ್ಷೆ, ಯಾವ ದೀಪ ಕೆಟ್ಟಿದೆ ಯಾವ ರನ್‌ವೇ ಮುಚ್ಚಿದೆ ಎಂದು ಪೈಲಟ್ಟರಿಗೆ ತಿಳಿಸುವ ಪ್ರಕಟಣೆಗಳು, ಇವೆಲ್ಲ ಸೇರಿ ವಿಮಾನ ಸಂಚಾರ ಸೇವೆಯಾಗುತ್ತದೆ. ಭಾರತದ ಆಕಾಶವನ್ನು ಈ ಕೆಲಸಕ್ಕಾಗಿ ದಿಲ್ಲಿ, ಮುಂಬಯಿ, ಕೊಲ್ಕತ್ತಾ, ಚೆನ್ನೈ ಎಂದು ನಾಲ್ಕು ದೊಡ್ಡ ವಲಯಗಳಾಗಿ ಹಂಚಿದ್ದಾರೆ. ಸೇವೆಯನ್ನು ಒದಗಿಸುವುದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಅಲ್ಲಿ ನಿಯಂತ್ರಕರಾಗಿ ಸೇರಬೇಕಾದರೆ ಗಣಿತ, ಭೌತಶಾಸ್ತ್ರ ಓದಿದ ಪದವಿ ಅಥವಾ ಇಂಜಿನಿಯರಿಂಗ್ ಪದವಿ ಬೇಕು. ನಮ್ಮಂಥವರಿಗೆ ಆ ಬಾಗಿಲು ತೆರೆದಿಲ್ಲವೆಂಬುದನ್ನು ಆಸೆಪಟ್ಟ ಒಂದಿಬ್ಬರು ಗೆಳೆಯರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಪರೀಕ್ಷಕರ ಮಾತು. ಇದರಲ್ಲಿ ನನಗೆ ಗುರುಗಳಾದವರು ನಮ್ಮ ಕಾಕಾ. ಅವರು ರೇಲ್ವೆಯಲ್ಲಿ ಸ್ಟೇಶನ್ ಮಾಸ್ತರರಾಗಿ ದುಡಿದು ನಿವೃತ್ತರಾದವರು. ಊಟಕ್ಕೆ ಕುಳಿತಾಗಲೂ ಗಡಿಯಾರ ನೋಡಿಯೇ ಮೊದಲ ತುತ್ತು ಎತ್ತುವರು. ಒಂದು ಸಂಜೆ ನಾನು ಅವರನ್ನು ಕೇಳಿದೆ: “ಕಾಕಾ, ಹೊಸಾ ಲೈನ್ ಹಾಕಿದ ಮ್ಯಾಲೆ ಗಾಡಿ ಬಿಡೂದಕ್ಕ ಯಾರು ಹೂಂ ಅಂತಾರ್ರೀ? ನಿಮ್ಮ ಜನರಲ್ ಮ್ಯಾನೇಜರ್ ಸಾಹೇಬ್ರಾ?”

ಕಾಕಾ ನಕ್ಕರು. “ಅವ್ರು ಹೂಂ ಅಂದ್ರ ಏನಾತು? ಸೇಫ್ಟಿ ಕಮಿಷನರ್ ಬಂದು, ಟ್ರಾಲಿ ಮ್ಯಾಲೆ ಕೂತು, ಪೂಲು, ಪಟರಿ, ಸಿಗ್ನಲ್ ಎಲ್ಲಾ ನೋಡಿ ಸಹಿ ಹಾಕೂತನಕ ಒಬ್ಬ ಪ್ಯಾಸೆಂಜರನ್ನೂ ಹತ್ತಿಸೂ ಹಂಗಿಲ್ಲ ತಮ್ಮಾ. ಮತ್ತ ಅವ್ರು ನಮ್ಮ ರೇಲ್ವೆದವ್ರ ಕೈಯಾಗಿನವ್ರಲ್ಲ.”

“ಹಂಗಾದ್ರ ಯಾರ ಕೈಯಾಗಿನವ್ರ್ರೀ?”

“ವಿಮಾನದವ್ರ ಕೈಯಾಗಿನವ್ರು!”

ನಾನು ಚೇಷ್ಟೆಯೆಂದೇ ತಿಳಿದೆ. ಗ್ರಂಥಾಲಯದಲ್ಲಿ ನೋಡಿದಾಗ ಕಾಕಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ರೇಲ್ವೆಯನ್ನು ನಡೆಸುವ ಬೋರ್ಡೇ ಅದರ ಸುರಕ್ಷತೆಯನ್ನೂ ಪರೀಕ್ಷಿಸುವುದು ಉಚಿತವಲ್ಲವೆಂಬ ಕಾರಣಕ್ಕಾಗಿ, ೧೯೪೧ರಲ್ಲಿ ಆ ಪರೀಕ್ಷಕರನ್ನು ಬೋರ್ಡಿನಿಂದ ಬಿಡಿಸಿ ಅಂಚೆ ಮತ್ತು ವಾಯು ಇಲಾಖೆಯ ಕೆಳಗೆ ಇಟ್ಟರು. ೧೯೬೭ರಿಂದ ಅವರು ನಾಗರಿಕ ವಿಮಾನಯಾನ ನೋಡಿಕೊಳ್ಳುವ ಮಂತ್ರಾಲಯದ ಆಶ್ರಯದಲ್ಲಿದ್ದಾರೆ. ನೈಋತ್ಯ ರೇಲ್ವೆಯ ಕೇಂದ್ರಸ್ಥಾನವಾದ ಹುಬ್ಬಳ್ಳಿಯಲ್ಲಿ, ೧೫೦೭ ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಹೆಮ್ಮೆಯನ್ನು ಬಂದವರಿಗೆಲ್ಲ ಹೇಳುವ ನಾವು, ಈ ಸಣ್ಣ ಸಂಗತಿಯನ್ನು ಯಾರಿಗೂ ಹೇಳಿದ್ದಿಲ್ಲ. ನನಗಂತೂ ಪ್ಲಾಟ್‌ಫಾರ್ಮಿಗಿಂತ ಇದೇ ದೊಡ್ಡದಾಗಿ ಕಂಡಿತು.

ರೇಲ್ವೆಯ ಪರೀಕ್ಷಕರನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕುವ ಈ ವಿಮಾನಯಾನ ಮಂತ್ರಾಲಯ ತನ್ನ ಆಕಾಶಕ್ಕೆ ಎಂಥ ಪರೀಕ್ಷಕರನ್ನು ನೇಮಿಸಿಕೊಂಡಿದೆ? ಉತ್ತರ ಹುಡುಕುತ್ತ ಹೋದರೆ ಸ್ವಲ್ಪ ಹಿಂದಿನ ಕಥೆ ಹೇಳಬೇಕಾಗುತ್ತದೆ.

೧೯೩೨ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದರಷ್ಟೆ. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ಅವರ ಸಂಗಡಿಗ ನೆವಿಲ್ ವಿನ್ಸೆಂಟ್; ದಾರಿ ನಮ್ಮ ಬಳ್ಳಾರಿಯ ಮೇಲೆ. ಆ ಕಾಲದಲ್ಲಿ ಪೈಲಟ್ಟು ಕೆಳಗಿನ ಹೊಳೆ, ಗುಡ್ಡ, ರೇಲ್ವೆ ಹಳಿ ನೋಡಿಕೊಂಡು ಹೋಗುತ್ತಿದ್ದ. ಆಕಾಶದಲ್ಲಿ ಎದುರಾಗುವ ಇನ್ನೊಬ್ಬನಿರಲಿಲ್ಲ. ಆದ್ದರಿಂದ ದಾರಿ ಬಿಡಿಸುವವನೂ ಬೇಕಾಗಿರಲಿಲ್ಲ. ೧೯೩೪ರಲ್ಲಿ ವಿಮಾನ ಕಾಯಿದೆ, ೧೯೩೭ರಲ್ಲಿ ಅದರ ನಿಯಮಗಳು ಬಂದವು. ಸ್ವಾತಂತ್ರ್ಯಾನಂತರವೂ ಬಹುಕಾಲ ನಾಗರಿಕ ವಿಮಾನಯಾನ ಇಲಾಖೆಯೇ ಎಲ್ಲವನ್ನೂ ಮಾಡುತ್ತಿತ್ತು. ನಿಯಮ ಬರೆಯುವವರೂ ಅವರೇ, ಟವರಿನಲ್ಲಿ ಕುಳಿತು ವಿಮಾನ ಇಳಿಸುವವರೂ ಅವರೇ, ಇಳಿಸಿದ್ದು ಸರಿಯೇ ಎಂದು ನೋಡುವವರೂ ಅವರೇ. ೧೯೮೬ರಲ್ಲಿ ರಾಷ್ಟ್ರೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವೆಂಬ ಬೇರೆ ಸಂಸ್ಥೆ ಹುಟ್ಟಿ ಟವರಿನ ಕೆಲಸವನ್ನು ವಹಿಸಿಕೊಂಡಿತು; ಅದೂ ಅಂತಾರಾಷ್ಟ್ರೀಯ ನಿಲ್ದಾಣಗಳ ಪ್ರಾಧಿಕಾರವೂ ೧೯೯೫ರ ಏಪ್ರಿಲ್ ೧ರಂದು ಕೂಡಿ ಇಂದಿನ ಪ್ರಾಧಿಕಾರವಾಯಿತು. ಪರೀಕ್ಷಕರ ಸ್ಥಾನದಲ್ಲಿ ಉಳಿದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಅದಕ್ಕೆ ಕಾಯಿದೆಯಲ್ಲಿಯೇ ಸ್ಥಾನ ದೊರೆತದ್ದು ೨೦೨೦ರ ತಿದ್ದುಪಡಿಯಿಂದ. ಅಲ್ಲಿಯವರೆಗೆ ಅದು ಸರ್ಕಾರದ ಒಂದು ಕಚೇರಿ ಮಾತ್ರವಾಗಿತ್ತು. ಹಳೆಯ ೧೯೩೪ರ ಕಾಯಿದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ ೨೦೨೫ರ ಜನವರಿ ೧ರಿಂದ ಜಾರಿಯಲ್ಲಿದೆ.

ಈ ನಿರ್ದೇಶನಾಲಯದವರು ಒಂದು ವಿಮಾನವನ್ನೂ ಇಳಿಸುವುದಿಲ್ಲ, ಏರಿಸುವುದಿಲ್ಲ. ಸಂಚಾರ ಸೇವೆ ಹೇಗಿರಬೇಕೆಂಬ ನಿಯಮಗಳನ್ನು ಅವರು ಬರೆಯುತ್ತಾರೆ. ೧೯೪೪ರ ಶಿಕಾಗೋ ಒಪ್ಪಂದಕ್ಕೆ ಸಹಿ ಹಾಕಿದ ದೇಶವಾದ್ದರಿಂದ ಆ ನಿಯಮಗಳು ಜಗತ್ತಿನ ನಿಯಮಗಳಿಗೆ ಹೊಂದಬೇಕು. ನಿಯಂತ್ರಕರಿಗೆ ಪರವಾನಗಿ ಕೊಡುವುದು, ಅವರು ಎಷ್ಟು ಹೊತ್ತು ಸತತವಾಗಿ ಪರದೆಯ ಮುಂದೆ ಕೂರಬಹುದೆಂದು ಗೊತ್ತುಪಡಿಸುವುದು, ಕೆಲಸಕ್ಕೆ ಬರುವವರು ಕುಡಿದಿಲ್ಲವೆಂದು ಉಸಿರು ಪರೀಕ್ಷೆ ಮಾಡಿಸುವುದು, ಕೇಂದ್ರಗಳಿಗೆ ಹೋಗಿ ದಾಖಲೆ ತೆಗೆಸಿ ನೋಡುವುದು, ತಪ್ಪು ನಡೆದರೆ ಯಾಕೆ ನಡೆಯಿತೆಂದು ಕೇಳುವುದು ಇವರ ಕೆಲಸ. ಓದಲು ನೀರಸವಾದ ಪಟ್ಟಿ. ಆದರೆ ಇದರ ಬೆಲೆ ತಿಳಿಯಬೇಕಾದರೆ ನಮ್ಮ ರಾಜ್ಯದಲ್ಲೇ ನಡೆದ ಎರಡು ಸಂಗತಿಗಳನ್ನು ನೋಡಬೇಕು.

೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದದ್ದನ್ನು ಯಾರೂ ಮರೆತಿಲ್ಲ. ಒಳಗಿದ್ದ ೧೬೬ ಜನರಲ್ಲಿ ೧೫೮ ಜನ ತೀರಿಕೊಂಡರು. ತನಿಖೆಯ ನ್ಯಾಯಾಲಯ ಮುಖ್ಯ ಹೊಣೆಯನ್ನು ಕ್ಯಾಪ್ಟನ್ನರ ಮೇಲೆ ಹೊರಿಸಿತು. ಇಳಿಯುವ ಕ್ರಮ ಸರಿಯಿಲ್ಲ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಹೇಳಿದರೂ ಅವರು ಕೇಳಲಿಲ್ಲ. ಇದೆಲ್ಲ ಪತ್ರಿಕೆಗಳಲ್ಲಿ ಬಂದದ್ದೇ. ಆದರೆ ಅದೇ ವರದಿಯಲ್ಲಿ ಪೂರಕ ಕಾರಣವಾಗಿ ಇನ್ನೊಂದು ಮಾತಿದೆ. ಅದನ್ನು ಓದಿದವರು ಕಡಿಮೆ. ಮಂಗಳೂರಿನ ರೇಡಾರು ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲ. ಆದ್ದರಿಂದ ವಿಮಾನಕ್ಕೆ ಎಂದಿನಷ್ಟು ದೂರದಿಂದಲೇ ಕೆಳಗಿಳಿಯುವ ಅನುಮತಿ ಸಿಗಲಿಲ್ಲ. ನಿಲ್ದಾಣಕ್ಕೆ ಹತ್ತಿರವಾದ ಮೇಲೆ ಸಿಕ್ಕಿತು. ತಡವಾಗಿ ಇಳಿಯತೊಡಗಿದ ಮೇಲೆ ಅದಕ್ಕೆ ತಕ್ಕ ಯೋಜನೆಯನ್ನು ಪೈಲಟ್ಟರು ಮಾಡಲಿಲ್ಲ; ವಿಮಾನ ಇರಬೇಕಾದದ್ದಕ್ಕಿಂತ ಎತ್ತರದಲ್ಲಿ ಉಳಿದುಬಿಟ್ಟಿತು. ಯಂತ್ರ ಕೆಡುವುದು ಅಪರಾಧವಲ್ಲ. ಯಾವ ಯಂತ್ರ ಕೆಡುವುದಿಲ್ಲ? ಕೆಟ್ಟ ದಿನಗಳಲ್ಲಿ ಗುಡ್ಡದ ನೆತ್ತಿಯ ನಿಲ್ದಾಣಕ್ಕೆ ವಿಮಾನಗಳನ್ನು ಹೇಗೆ ಇಳಿಸಬೇಕೆಂದು ಮೊದಲೇ ಕೂತು ಯೋಚಿಸಿದವರು ಯಾರು, ಆ ಯೋಚನೆಯನ್ನು ಹೊರಗಿನ ಕಣ್ಣೊಂದು ಒಮ್ಮೆ ನೋಡಿತ್ತೇ ಎಂಬುದೇ ಪ್ರಶ್ನೆ. ದಿನನಿತ್ಯ ಆ ಯಂತ್ರದೊಡನೆ ಬಾಳುವವರಿಗೆ ಅದರ ಗೈರುಹಾಜರಿ ಎರಡನೆಯ ದಿನಕ್ಕೇ ರೂಢಿಯಾಗಿಬಿಡುತ್ತದೆ. ಮನೆಯ ನಲ್ಲಿ ಸೋರುವುದು ಮನೆಯವರಿಗೆ ಕೇಳಿಸದು, ಬೀಗರಿಗೆ ಕೇಳಿಸುತ್ತದೆ.

ಎರಡನೆಯದರಲ್ಲಿ ಪುಣ್ಯವಶಾತ್ ಯಾರಿಗೂ ಏನೂ ಆಗಲಿಲ್ಲ. ೨೦೨೨ರ ಜನವರಿ ೭ರ ಬೆಳಗ್ಗೆ ಬೆಂಗಳೂರಿನಲ್ಲಿ ಒಂದು ರನ್‌ವೇ ಏರುವ ವಿಮಾನಗಳಿಗೆ, ಇನ್ನೊಂದು ಇಳಿಯುವ ವಿಮಾನಗಳಿಗೆ ಎಂದು ವ್ಯವಸ್ಥೆಯಿತ್ತು. ನಡುವೆ ಪಾಳಿಯ ಮುಖ್ಯಸ್ಥರು ಉತ್ತರದ ರನ್‌ವೇ ಒಂದನ್ನೇ ಎರಡಕ್ಕೂ ಬಳಸೋಣವೆಂದು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ರನ್‌ವೇ ನೋಡಿಕೊಳ್ಳುವ ನಿಯಂತ್ರಕರಿಗೆ ತಲುಪಲಿಲ್ಲ. ಕೊಲ್ಕತ್ತಾಕ್ಕೆ ಹೊರಟ ವಿಮಾನ ಒಂದರಿಂದ, ಭುವನೇಶ್ವರಕ್ಕೆ ಹೊರಟದ್ದು ಇನ್ನೊಂದರಿಂದ ಕೆಲವೇ ನಿಮಿಷಗಳ ಅವಧಿಯಲ್ಲಿ ಮೇಲೆದ್ದು, ಆಕಾಶದಲ್ಲಿ ಒಂದರ ದಾರಿಗೆ ಇನ್ನೊಂದು ಸಮೀಪಿಸತೊಡಗಿದವು. ಎರಡರಲ್ಲೂ ಸೇರಿ ೪೦೦ಕ್ಕೂ ಹೆಚ್ಚು ಜನ. ರೇಡಾರಿನ ಮುಂದಿದ್ದ ನಿಯಂತ್ರಕರು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಆ ಹೆಸರಿಲ್ಲದ ನಿಯಂತ್ರಕರಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ನನ್ನನ್ನು ಚಕಿತಗೊಳಿಸಿದ್ದು ಆನಂತರದ ಭಾಗ. ಈ ಘಟನೆಯನ್ನು ಯಾವ ದಾಖಲೆ ಪುಸ್ತಕದಲ್ಲಿಯೂ ಬರೆದಿರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಹತ್ತು ಹನ್ನೆರಡು ದಿನಗಳ ಮೇಲೆ ಸುದ್ದಿ ಹೊರಬಿದ್ದು, ನಿರ್ದೇಶನಾಲಯ ವಿಚಾರಣೆಗೆ ಕೈಹಾಕಿತು. ಅಪಘಾತ ತನಿಖಾ ಸಂಸ್ಥೆ ಇದನ್ನು ಗಂಭೀರ ಘಟನೆಯೆಂದು ವರ್ಗೀಕರಿಸಿ ತನಿಖೆ ನಡೆಸಿತು. ಬರೆಯದೆ ಬಿಟ್ಟವರು ದುಷ್ಟರೆಂದು ನಾನು ಹೇಳಲಾರೆ. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಯಾಕೆ ರಾಡಿ ಎಂದು ನಾವೆಲ್ಲರೂ ಯೋಚಿಸುತ್ತೇವೆ. ಪ್ರಯೋಗಶಾಲೆಯಲ್ಲಿ ಒಡೆದ ಗಾಜಿನ ಕೊಳವೆ ರಿಜಿಸ್ಟರಿನಲ್ಲಿ ಎಷ್ಟು ಸಲ ದಾಖಲಾಗಿದೆಯೆಂದು ವಿಜ್ಞಾನದ ಮಿತ್ರರು ಎದೆ ಮುಟ್ಟಿಕೊಂಡು ಹೇಳಲಿ. ಆದರೆ ಬರೆಯದ ತಪ್ಪಿನಿಂದ ಯಾರೂ ಕಲಿಯುವುದಿಲ್ಲ. ತಪ್ಪು ಮಾಡಿದವರ ಬಾಯಿಂದಲೇ ತಪ್ಪು ಹೊರಬರಬೇಕಾದರೆ, ಹೇಳಿದವನಿಗೆ ಶಿಕ್ಷೆಯ ಭಯ ಕಡಿಮೆಯಿರಬೇಕು, ಮುಚ್ಚಿಟ್ಟವನಿಗೆ ಹೆಚ್ಚಿರಬೇಕು. ಇದನ್ನು ಏರ್ಪಡಿಸುವುದು ಪರೀಕ್ಷಕನಿಗಲ್ಲದೆ ಬೇರೆಯವರಿಗೆ ಸಾಧ್ಯವಿಲ್ಲ.

ಹರಿಯಾಣದ ಚರ್ಖಿ ದಾದ್ರಿಯ ದುರಂತವನ್ನು ಹೆಸರಿಸದೆ ಮುಂದೆ ಹೋಗಲಾಗದು. ೧೯೯೬ರ ನವೆಂಬರ್ ೧೨ರ ಸಂಜೆ ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನವೂ ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನವೂ ಡಿಕ್ಕಿಯಾಗಿ ೩೪೯ ಜನರೂ ಸತ್ತರು. ೧೫,೦೦೦ ಅಡಿಯಲ್ಲಿ ನಿಲ್ಲಬೇಕಾದದ್ದು ಕೆಳಗಿಳಿದದ್ದು ನೇರ ಕಾರಣ. ಆದರೆ ಬರುವುದಕ್ಕೂ ಹೋಗುವುದಕ್ಕೂ ಆಗ ಒಂದೇ ಓಣಿಯಿತ್ತು. ಎರಡು ಓಣಿಗಳಾದದ್ದು, ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಎಚ್ಚರಿಕೆಯ ಯಂತ್ರ ಕಡ್ಡಾಯವಾದದ್ದು, ಆಮೇಲೆ.

ಪುನಃ ಕಾಕಾ ಅವರ ಮಾತಿಗೆ ಬರುತ್ತೇನೆ. ರೇಲ್ವೆಯ ಪರೀಕ್ಷಕರು ವಿಮಾನದವರ ಕೈಯಲ್ಲಿದ್ದರೆ, ವಿಮಾನದ ಪರೀಕ್ಷಕರು ಯಾರ ಕೈಯಲ್ಲಿದ್ದಾರೆ? ಅವರೂ ವಿಮಾನದವರ ಕೈಯಲ್ಲಿಯೇ! ಸೇವೆ ಒದಗಿಸುವ ಪ್ರಾಧಿಕಾರ, ಅದನ್ನು ಪರೀಕ್ಷಿಸುವ ನಿರ್ದೇಶನಾಲಯ, ಅಪಘಾತವಾದರೆ ತನಿಖೆ ಮಾಡುವ ಸಂಸ್ಥೆ, ಮೂರೂ ಒಂದೇ ಮಂತ್ರಾಲಯದ ಮಕ್ಕಳು. ಮಂತ್ರಾಲಯಕ್ಕೆ ಹೆಚ್ಚು ನಿಲ್ದಾಣ ತೆರೆದ ಕೀರ್ತಿಯೂ ಬೇಕು, ಹೆಚ್ಚು ವಿಮಾನ ಹಾರಿಸಿದ ಲೆಕ್ಕವೂ ಬೇಕು. ಜೊತೆಗೆ ‘ಇವತ್ತು ಹಾರಿಸಬೇಡಿ’ ಎಂದು ಹೇಳುವವನನ್ನೂ ಸಾಕಬೇಕು. ಸ್ವಂತ ಹಣ, ಸ್ವಂತ ನೇಮಕಾತಿಯ ಅಧಿಕಾರವುಳ್ಳ ಪ್ರತ್ಯೇಕ ನಾಗರಿಕ ವಿಮಾನಯಾನ ಪ್ರಾಧಿಕಾರವನ್ನು ಸ್ಥಾಪಿಸಲು ೨೦೧೩ರಲ್ಲಿ ಲೋಕಸಭೆಯಲ್ಲಿ ಮಸೂದೆಯೊಂದು ಮಂಡಿತವಾಗಿತ್ತು. ಆ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಅದರೊಡನೆ ಮುಗಿಯಿತು.

ಇದನ್ನು ನಮ್ಮ ರಾಜ್ಯಶಾಸ್ತ್ರದ ಪ್ರಾಧ್ಯಾಪಕರ ಮುಂದೆ ಸ್ವಲ್ಪ ಆವೇಶದಿಂದಲೇ ಹೇಳಿದೆ. ಅಧಿಕಾರ ವಿಭಜನೆಯ ಪಾಠದಲ್ಲಿ ಮಾಂಟೆಸ್ಕ್ಯೂನನ್ನು ಅವರಿಂದಲೇ ಕೇಳಿದ್ದೆನಾದ್ದರಿಂದ ಒಪ್ಪಿಗೆ ಸಿಗಬಹುದೆಂಬ ನಿರೀಕ್ಷೆಯಿತ್ತು. ಅವರು ಕನ್ನಡಕ ತೆಗೆದು ಒರೆಸುತ್ತ, “ಅಮೇರಿಕದಾಗ ಏನೈತಿ ನೋಡೀಯೇನು?” ಎಂದರು. ನೋಡಿದೆ. ಅಲ್ಲಿ ವಿಮಾನಗಳಿಗೆ ದಾರಿ ಹೇಳುವುದೂ ನಿಯಮ ಮಾಡುವುದೂ ಇಂದಿಗೂ ಒಂದೇ ಸಂಸ್ಥೆ. ಒಳಗೆ ಮಾತ್ರ ಬೇರೆ ಬೇರೆ ಶಾಖೆಗಳು. ಇಂಗ್ಲೆಂಡಿನಲ್ಲಿಯೂ ಬಹುಕಾಲ ಹಾಗೆಯೇ ಇದ್ದು, ಪೂರ್ಣವಾಗಿ ಬೇರೆಯಾದದ್ದು ೨೦೦೧ರಲ್ಲಿ. ಗೋಡೆ ಕಟ್ಟಿದ ಮಾತ್ರಕ್ಕೆ ಪರೀಕ್ಷಕ ಗಟ್ಟಿಯಾಗುವುದಿಲ್ಲ. ಅವನಿಗೆ ವಿಷಯ ತಿಳಿದಿರಬೇಕು, ಸಿಬ್ಬಂದಿಯಿರಬೇಕು ಎಂಬುದು ಗುರುಗಳ ವಾದ. ಅದರಲ್ಲಿ ಹುರುಳಿದೆ. ಆದರೂ ಪಾಠ ಹೇಳಿದವರೇ ಪ್ರಶ್ನೆಪತ್ರಿಕೆ ತೆಗೆದು, ಅವರೇ ಅಂಕ ಕೊಟ್ಟು, ಅವರೇ ಫಲಿತಾಂಶ ಸಾರುವುದಕ್ಕಿಂತ ವಿಶ್ವವಿದ್ಯಾಲಯದಿಂದ ಬಾಹ್ಯ ಪರೀಕ್ಷಕರೊಬ್ಬರು ಬಂದು ಕೂರುವುದು ಮೇಲೆಂದು ನನಗೆ ಈಗಲೂ ಅನ್ನಿಸುತ್ತದೆ. ಆಂತರಿಕ ಅಂಕಗಳ ವಿಷಯದಲ್ಲಿ ಈ ಮಾತನ್ನು ವಿಸ್ತರಿಸುವುದು ವಿವೇಕವಲ್ಲವಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಸಿಬ್ಬಂದಿಯ ಮಾತು ಬಂತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೊಂದು ವಿಮಾನಯಾನ ಸುರಕ್ಷತೆಯನ್ನು ಕುರಿತು ವರದಿ ಕೊಟ್ಟಿತು. ನಿರ್ದೇಶನಾಲಯದ ಮಂಜೂರಾದ ೧೦೬೩ ಹುದ್ದೆಗಳಲ್ಲಿ ತುಂಬಿದ್ದವು ೫೫೩. ಅತ್ತ ನಿಯಂತ್ರಕರ ಸಂಖ್ಯೆಯೂ ಸಾಲದು, ಇದ್ದವರ ಮೇಲೆ ಹೊರೆ ಹೆಚ್ಚಾಗಿದೆಯೆಂದೂ ಸಮಿತಿ ಹೇಳಿತು. ಕಾಕಾ ಅವರಿಗೆ ಈ ಅಂಕಿಗಳನ್ನು ಓದಿ ಹೇಳಿದೆ. ಅವರು ಗಡಿಯಾರ ನೋಡಲಿಲ್ಲ. “ರಾತ್ರಿ ಪಾಳಿಗೆ ಒಬ್ಬಾಂವ ಬರಲಿಲ್ಲಂದ್ರ ಇದ್ದಾಂವನ ಎರಡು ಪಾಳಿ ಮಾಡಬೇಕು. ಅದನ್ನ ನೋಡಾಂವನೂ ಇಲ್ಲಂದ್ರ ಮುಗೀತು” ಎಂದರು. ಅವರ ಧ್ವನಿಯಲ್ಲಿ ಟೀಕೆಯಿರಲಿಲ್ಲ; ಅನುಭವವಿತ್ತು.

ನಮ್ಮ ಹುಬ್ಬಳ್ಳಿಗೂ ಇದು ದೂರದ ಮಾತಲ್ಲ. ೨೦೧೫ರ ಮಾರ್ಚ್ ೮ರ ಸಂಜೆ, ರನ್‌ವೇ ಇನ್ನೂ ಗಿಡ್ಡವಿದ್ದ ಕಾಲದಲ್ಲಿ, ಬೆಂಗಳೂರಿನಿಂದ ಬಂದ ವಿಮಾನವೊಂದು ಮಳೆಯಲ್ಲಿ ಇಳಿದು ರನ್‌ವೇಯಿಂದ ಪಕ್ಕಕ್ಕೆ ಸರಿದು ಕೆಸರಿನಲ್ಲಿ ನಿಂತಿತು. ಒಳಗಿದ್ದವರೆಲ್ಲ ಬದುಕಿ ಹೊರಬಂದರು. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಇಂದು ಆ ರನ್‌ವೇ ಉದ್ದವಾಗಿದೆ, ವಿಮಾನಗಳು ದೊಡ್ಡವಾಗಿವೆ. ನೋಡಬೇಕಾದದ್ದೂ ಅಷ್ಟೇ ಹೆಚ್ಚಾಗಿದೆ.

ಪರೀಕ್ಷಕರಿಗೂ ಒಬ್ಬ ಪರೀಕ್ಷಕನಿದ್ದಾನೆ: ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ೨೦೨೨ರ ನವೆಂಬರಿನಲ್ಲಿ ಅದರ ತಂಡ ದಿಲ್ಲಿಗೆ ಬಂದು ನಮ್ಮ ದೇಶದ ಸುರಕ್ಷತಾ ಮೇಲ್ವಿಚಾರಣೆಯನ್ನು ತೂಗಿ ನೋಡಿತು. ಮೊದಲು ೬೯.೯೫ ಇದ್ದ ಶೇಕಡಾ ಅಂಕ ೮೫.೪೯ಕ್ಕೆ ಏರಿತು. ಪ್ರಥಮ ದರ್ಜೆಯನ್ನು ಮೀರಿದ ಅಂಕ, ಸಂತೋಷಪಡುವುದೇ ಸರಿ. ಆದರೆ ಸರ್ಕಾರದ ಪ್ರಕಟಣೆಯನ್ನು ಕೊನೆಯವರೆಗೆ ಓದಿದರೆ, ಆ ಸಲ ಪರೀಕ್ಷೆ ನಡೆದದ್ದು ಆರು ವಿಷಯಗಳಲ್ಲಿ ಎಂದು ತಿಳಿಯುತ್ತದೆ. ಉಳಿದೆರಡನ್ನು ಆಗ ಪರೀಕ್ಷಿಸಲಿಲ್ಲ. ಒಂದು ಅಪಘಾತಗಳ ತನಿಖೆ. ಇನ್ನೊಂದು ನಾನು ಇಷ್ಟು ಹೊತ್ತು ಬರೆದ ಸಂಚಾರ ಸೇವೆ. ಆ ಎರಡರ ಅಂಕಪಟ್ಟಿ ಬಂದ ದಿನ ಕಾಕಾ ಅವರಿಗೆ ಓದಿ ಹೇಳಬೇಕೆಂದಿದ್ದೇನೆ.